ಭಾರದ ಗಂಟೆ

ಮನುಷ್ಯನು ಬಹುಕಾಲದಿಂದ ತೂಗುತ್ತ ಬಂದಿರುವುದು ಮುಖ್ಯವಾಗಿ ಬೆಲೆ ಕಟ್ಟುವುದಕ್ಕಾಗಿ. ಹೊಸೂರಿನ ಸಂತೆಯಲ್ಲಿ ಹುಣಿಸೆಹಣ್ಣು ತೂಗುವ ವ್ಯಾಪಾರಿಯ ಕಣ್ಣು ತಕ್ಕಡಿಯ ಮುಳ್ಳಿನ ಮೇಲಿದ್ದರೆ, ಕೊಳ್ಳುವವಳ ಕಣ್ಣು ವ್ಯಾಪಾರಿಯ ಬೆರಳಿನ ಮೇಲಿರುತ್ತದೆ. ಅಲ್ಲಿ ತೂಕ ತಪ್ಪಿದರೆ ಹೋಗುವುದು ನಾಲ್ಕು ಕಾಸು. ಈಚಿನ ಕೆಲವು ದಶಕಗಳಲ್ಲಿ ಬೆಲೆಯನ್ನೇ ಕೇಳದ ಇನ್ನೊಂದು ಬಗೆಯ ತಕ್ಕಡಿ ನಮ್ಮ ನಡುವೆ ಸೇರಿಕೊಂಡಿದೆ. ಅದು ಕಾರಿನ ಸೀಟಿನ ಕೆಳಗೆ ಅಡಗಿರುತ್ತದೆ. ಲಿಫ್ಟಿನ ನೆಲದಡಿಯಲ್ಲೋ ಹಗ್ಗದ ಬುಡದಲ್ಲೋ ಇರುತ್ತದೆ. ಕ್ರೇನಿನ ಕೊಕ್ಕೆಯ ಬಳಿ ತೂಗಾಡುತ್ತಿರುತ್ತದೆ. ಅಲ್ಲಿ ತೂಕ ತಪ್ಪಿದರೆ ಹೋಗುವುದು ಜೀವ.

ನಾನು ವಿಜ್ಞಾನದ ಪಾಠ ಹೇಳುವ ಉಪಾಧ್ಯಾಯ. ಹೊಸೂರಿನ ಸುತ್ತಣ ಕಾರ್ಖಾನೆಗಳಲ್ಲಿ ವಾಹನಗಳೂ ಅವುಗಳ ಬಿಡಿಭಾಗಗಳೂ ತಯಾರಾಗುತ್ತವೆ. ಕನ್ನಡ ಶಾಲೆಗಳಿಂದ ಹೊರಬಿದ್ದ ನಮ್ಮ ಹುಡುಗರಲ್ಲಿ ಹಲವರಿಗೆ ಅನ್ನ ಕೊಡುತ್ತಿರುವುದೂ ಅವೇ. ಆದಕಾರಣ ಈ ಹೊಸ ತಕ್ಕಡಿಯ ವಿಷಯ ನಮಗೆ ದೂರದ ವಾರ್ತೆಯಲ್ಲ.

“ಮೇಷ್ಟ್ರೇ, ಕಬ್ಬಿಣಕ್ಕೆ ಭಾರ ಹೇಗೆ ಗೊತ್ತಾಗುತ್ತೆ?” ಎಂದು ಒಬ್ಬ ಹುಡುಗ ತರಗತಿಯಲ್ಲಿ ಕೇಳಿದ್ದುಂಟು. ಬಹಳ ಒಳ್ಳೆಯ ಪ್ರಶ್ನೆ. ಹೊರೆ ಹೆಚ್ಚಿದಷ್ಟೂ ಸ್ಪ್ರಿಂಗು ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆಂದು ರಾಬರ್ಟ್ ಹುಕ್ 1678ರಲ್ಲಿ ಬರೆದನು. ಉಕ್ಕಿನ ದಿಮ್ಮಿಯೂ ಒಂದು ಸ್ಪ್ರಿಂಗೇ. ಅದರ ಹಿಗ್ಗು ನಮ್ಮ ಕಣ್ಣಿಗೆ ಕಾಣದು, ಅಷ್ಟೆ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್, ಎಳೆದ ತಂತಿಯ ವಿದ್ಯುತ್ ರೋಧವು ಬದಲಾಗುತ್ತದೆಂದು 1856ರಲ್ಲಿ ತೋರಿಸಿದನು. ಈ ಎರಡು ಮಾತುಗಳನ್ನು ಕೂಡಿಸಲು ಇನ್ನೂ ಎಂಬತ್ತು ವರ್ಷ ಬೇಕಾಯಿತು. ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬಿಬ್ಬರು, ಒಬ್ಬರನ್ನೊಬ್ಬರು ಅರಿಯದೆಯೇ, 1938ರಲ್ಲಿ ಕೂದಲಿನಂಥ ತಂತಿಯನ್ನು ಲೋಹಕ್ಕೆ ಅಂಟಿಸಿ ಅದರ ಹಿಗ್ಗನ್ನು ವಿದ್ಯುತ್ತಿನಿಂದ ಅಳೆದರು. ಭೂಕಂಪವಾದಾಗ ನೀರಿನ ತೊಟ್ಟಿಗಳು ಏನಾಗುವುವೆಂಬುದು ರೂಜ್‌ನ ಅಭ್ಯಾಸದ ವಿಷಯವಾಗಿತ್ತು.

ಇಂದಿನ ಲೋಡ್ ಸೆಲ್ಲಿನ ಹೃದಯ ಅದೇ. ಮೀಟರಿಗೆ ಒಂದು ಮಿಲಿಮೀಟರಿನ ಪ್ರಮಾಣದಲ್ಲಿ ಲೋಹ ಹಿಗ್ಗಿದರೆ 350 ಓಮ್ ರೋಧದ ಎಳೆಯಲ್ಲಿ ಆಗುವ ವ್ಯತ್ಯಾಸ ಸುಮಾರು 0.7 ಓಮ್ ಮಾತ್ರ. ಅಂಥ ನಾಲ್ಕು ಎಳೆಗಳನ್ನು, ನಾವು ಪ್ರಯೋಗಶಾಲೆಯಲ್ಲಿ ತೋರಿಸುವ ವೀಟ್‌ಸ್ಟನ್ ಸೇತುವೆಯಂತೆ ಜೋಡಿಸಿದಾಗ ಆ ಅಲ್ಪವೂ ಅಳತೆಗೆ ಸಿಕ್ಕುತ್ತದೆ. ಬಿಸಿಲು ಚಳಿಗಳಿಂದ ಆಗುವ ವ್ಯತ್ಯಾಸ ಒಂದಕ್ಕೊಂದು ವಜಾ ಆಗುತ್ತದೆ.

ಯಂತ್ರವು ಭಾರವನ್ನು ಅರಿತುದಾಯಿತು. ಅರಿತು ಮಾಡುವುದೇನು? ಲಿಫ್ಟನ್ನು ನೋಡಿರಿ. ನಮ್ಮ ದೇಶದ ಲಿಫ್ಟುಗಳಲ್ಲಿ ‘6 ಜನ, 408 ಕಿಲೋ’, ‘8 ಜನ, 544 ಕಿಲೋ’ ಎಂಬ ಫಲಕ ಕಾಣುವುದುಂಟು. ಭಾಗಿಸಿದರೆ ತಲೆಗೆ 68 ಕಿಲೋ. ಲೆಕ್ಕದ ಮನುಷ್ಯನ ತೂಕ ಅದು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಒಮ್ಮೆ ನಾನಿದ್ದ ಲಿಫ್ಟಿಗೆ ಕಡೆಯದಾಗಿ ಒಬ್ಬ ಬಡಕಲು ಮುದುಕಿ ಕಾಲಿಟ್ಟಳು, ಗಂಟೆ ಬಾರಿಸಿತು. ಎಲ್ಲರೂ ಅವಳನ್ನೇ ನೋಡಿದರು. ಹಿಂದುಗಡೆ ನಿಂತಿದ್ದ ಸ್ಥೂಲಕಾಯರೊಬ್ಬರು ಮಾತ್ರ ಛಾವಣಿಯನ್ನು ನೋಡುತ್ತಿದ್ದರು! ಯಂತ್ರವು ಹೇಳಿದುದು ಒಟ್ಟು ಭಾರವನ್ನು. ತಪ್ಪಿತಸ್ಥೆ ಯಾರೆಂದು ಗೊತ್ತುಮಾಡಿದವರು ನಾವು. ಬಾಗಿಲ ಬಳಿಯಿದ್ದ ಹುಡುಗನೊಬ್ಬ ಹೊರಗಿಳಿದು, “ಅಜ್ಜೀ, ನೀವಿರಿ, ನಾನು ಮೆಟ್ಟಿಲು ಹತ್ತಿ ಬರ್ತೀನಿ” ಎಂದ ಮೇಲೆ ಬಾಗಿಲು ಮುಚ್ಚಿಕೊಂಡಿತು.

ಕಾರಿನ ಸೀಟಿನದು ಇದಕ್ಕೆ ವಿಪರೀತವಾದ ಚಿಂತೆ. ಅಲ್ಲಿ ಅಪಾಯವಿರುವುದು ಹಗುರವಾದವರಿಗೆ. ಡಿಕ್ಕಿಯಾದ ಕೂಡಲೆ ರೆಪ್ಪೆ ಬಡಿಯುವುದಕ್ಕಿಂತ ಬೇಗ ಉಬ್ಬಿಬರುವ ಗಾಳಿಚೀಲ ದೊಡ್ಡವರನ್ನು ಕಾಯುತ್ತದೆ. ಮಗುವಿಗಾದರೆ ಆ ಹೊಡೆತವೇ ಮೃತ್ಯುವಾದೀತು. ಅಮೆರಿಕದಲ್ಲಿ 1990ರ ದಶಕದಲ್ಲಿ ಮುಂದಿನ ಸೀಟಿನಲ್ಲಿದ್ದ ಎಷ್ಟೋ ಮಕ್ಕಳು ಸಣ್ಣ ಅಪಘಾತಗಳಲ್ಲಿಯೇ ಹೀಗೆ ತೀರಿಕೊಂಡುವು. ಅಲ್ಲಿಯ ಸರಕಾರ 2000ದಲ್ಲಿ ಹೊಸ ನಿಯಮ ಮಾಡಿತು. ಅದನ್ನು ಪೂರೈಸಲು ತಯಾರಕರು ಸೀಟನ್ನೇ ತಕ್ಕಡಿಯಾಗಿಸಿದರು. ಕೆಲವರು ದಿಂಬಿನಡಿ ದ್ರವ ತುಂಬಿದ ಚೀಲವನ್ನಿಟ್ಟರು. ಕೆಲವರು ಸೀಟಿನ ನಾಲ್ಕು ಮೂಲೆಗಳಲ್ಲಿ ಭಾರಮಾಪಕಗಳನ್ನಿಟ್ಟರು. ಆಗ ಇನ್ನೊಂದು ತೊಡಕು ಕಾಣಿಸಿಕೊಂಡಿತು: ಹಸುಗೂಸಿನ ತೊಟ್ಟಿಲಾಸನವನ್ನು ಬೆಲ್ಟಿನಿಂದ ಬಿಗಿದರೆ ದಿಂಬು ಒತ್ತಿ, ಕೂಸು ಯಂತ್ರಕ್ಕೆ ದೊಡ್ಡವರಂತೆ ತೋರುವುದು! ಅದಕ್ಕಾಗಿ ಬೆಲ್ಟಿನ ಬಿಗಿತವನ್ನು ಅಳೆಯುವ ಮತ್ತೊಂದು ಮಾಪಕವನ್ನೂ ಸೇರಿಸಿದರು. ಮುಂದಿನ ಪ್ರಯಾಣಿಕನಿಗೂ ಗಾಳಿಚೀಲವಿರಬೇಕೆಂಬ ಕಟ್ಟಳೆ ನಮ್ಮ ದೇಶದಲ್ಲಿ 2021ರಲ್ಲಿ ಬಂದಿತು. ಆದರೆ ನಮ್ಮ ಅನೇಕ ಕಾರುಗಳ ಸೀಟಿನಲ್ಲಿರುವುದು ಬೆಲ್ಟು ಹಾಕಿಕೊಳ್ಳಿರೆಂದು ನೆನಪಿಸುವ ಒತ್ತುಗುಂಡಿ ಮಾತ್ರ. ಅಕ್ಕಿಯ ಚೀಲಕ್ಕೂ ಅದು ಕೂಗುತ್ತದೆ. ಮಗುವಿನ ಸ್ಥಾನ ಹಿಂದಿನ ಸೀಟೇ ಎಂಬುದನ್ನು ನಾವೇ ನೆನಪಿಡಬೇಕು.

ಇನ್ನು ಕ್ರೇನು. ನಮ್ಮ ಕೃಷ್ಣಗಿರಿ ಜಿಲ್ಲೆ ಗ್ರಾನೈಟ್ ಕಲ್ಲಿಗೆ ಹೆಸರಾದುದು. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಬಂಡೆ ಒಂಬತ್ತು ಘನ ಮೀಟರ್. ಘನ ಮೀಟರಿಗೆ ಸುಮಾರು 2.7 ಟನ್ನಿನಂತೆ 24 ಟನ್ ಆಗುತ್ತದೆ. ಆದರೆ ಕ್ರೇನಿಗೆ ಭಾರವೊಂದನ್ನೇ ಅರಿತರೆ ಸಾಲದು. ತುಂಬಿದ ಕೊಡವನ್ನು ಸೊಂಟಕ್ಕೊತ್ತಿ ಮೈಲಿ ನಡೆಯುವ ತಾಯಿ ಅದನ್ನೇ ಚಾಚಿದ ಕೈಯಲ್ಲಿ ಹತ್ತು ಹೆಜ್ಜೆ ಒಯ್ಯಲಾರಳು. ಅದೇ ಬಂಡೆ ಮೂರು ಮೀಟರ್ ದೂರದಿಂದ ಆರು ಮೀಟರಿಗೆ ಸರಿದರೆ ಕ್ರೇನನ್ನು ಉರುಳಿಸುವ ಶಕ್ತಿ ಇಮ್ಮಡಿಯಾಗುತ್ತದೆ. ಆದುದರಿಂದ ಒಳ್ಳೆಯ ಕ್ರೇನಿನ ಯಂತ್ರವು ಭಾರವನ್ನೂ ತೋಳಿನ ಚಾಚನ್ನೂ ಕೂಡಿಸಿ ಲೆಕ್ಕ ಹಾಕಿ ಗಂಟೆ ಬಾರಿಸುತ್ತದೆ.

ಆ ಗಂಟೆಯನ್ನು ಕೇಳುವವರಾರು? ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಕಡೆ ಭಾರವೆತ್ತುವ ಯಂತ್ರದ ಕೆಳಗೆ ದುಡಿಯುತ್ತಿದ್ದ. ಗಂಟೆ ಪದೇ ಪದೇ ಬಾರಿಸಿ ಕೆಲಸ ನಿಲ್ಲುತ್ತದೆಂದು ಮೇಲಿನವರು ಅದರ ತಂತಿಯನ್ನೇ ಬಿಡಿಸಿಹಾಕಿಸಿದರು. ಮತ್ತೆ ಕೂಡಿಸಿರೆಂದು ಹುಡುಗ ಕೇಳಿದ. “ಇಷ್ಟು ದಿನ ಏನಾಯಿತು? ನಿನ್ನ ಕೆಲಸ ನೋಡಿಕೊ” ಎಂಬ ಉತ್ತರ ಬಂತು. ಅವನು ಕೆಲಸ ಬಿಟ್ಟ. ಎರಡು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕುಳಿತ. ಅಲ್ಲಿ ಅಪಘಾತವೇನೂ ಆಗಲಿಲ್ಲವಂತೆ. ಸರಪಣಿಯನ್ನು ಮಾಡಿದವರು ಹೊರಬೇಕಾದುದಕ್ಕಿಂತ ಹೆಚ್ಚಿನ ಬಲವನ್ನು ಅದರಲ್ಲಿಟ್ಟಿರುತ್ತಾರೆ. ಮಿತಿಮೀರಿದ ಒಂದೊಂದು ಹೊರೆಯೂ ಆ ಉಳಿತಾಯವನ್ನು ಸದ್ದಿಲ್ಲದೆ ತಿನ್ನುತ್ತಿರುತ್ತದೆ. ‘ಏನೂ ಆಗಲಿಲ್ಲ’ ಎಂಬುದರ ಅರ್ಥ ಇಷ್ಟೇ.

ಕಾರಿನಲ್ಲಿಯೂ ಇದೇ ಕಥೆ. ಬೆಲ್ಟಿನ ಕೂಗನ್ನು ಅಡಗಿಸಲು ಸುಳ್ಳು ಕೊಂಡಿಗಳನ್ನು ಮಾರುತ್ತಿದ್ದರು. ಅವನ್ನು ಮಾರಾಟದಿಂದ ತೆಗೆಯಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಆಜ್ಞೆ ಮಾಡಬೇಕಾಯಿತು. ಲಿಫ್ಟಿನ ಗಂಟೆಗೆ ಮಾತ್ರ ನಾವು ವಿಧೇಯರು. ನಮ್ಮ ಸದ್ಗುಣವೇನೂ ಅದಕ್ಕೆ ಕಾರಣವಲ್ಲ. ಅಲ್ಲಿ ಗಂಟೆಯ ಜೊತೆಗೆ ಬಾಗಿಲೂ ಹಟ ಹಿಡಿಯುತ್ತದೆ. ಬರಿಯ ಮಾತಿನ ಎಚ್ಚರಿಕೆಯನ್ನು ಮನುಷ್ಯ ಬಾಯಿಮುಚ್ಚಿಸುತ್ತಾನೆ. ದಾರಿಯನ್ನೇ ತಡೆಯುವ ಎಚ್ಚರಿಕೆಗೆ ತಲೆಬಾಗುತ್ತಾನೆ. ಯಂತ್ರ ಕಟ್ಟುವವರು ಇದನ್ನು ಮರೆಯಬಾರದು.

ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ವಿನಂತಿಯುಂಟು. ಹುಕ್‌ನ ನಿಯಮವನ್ನು ನಮ್ಮ ಮಕ್ಕಳು ಚೆನ್ನಾಗಿ ಒಪ್ಪಿಸುತ್ತಾರೆ. ಆದರೆ ಅದರ ಮೊದಲಿನ ‘ಸ್ಥಿತಿಸ್ಥಾಪಕ ಮಿತಿಯೊಳಗೆ’ ಎಂಬ ಎರಡು ಮಾತನ್ನು ಎಷ್ಟೋ ಬಾರಿ ನುಂಗಿಬಿಡುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಅರ್ಧ ಅಂಕ ಹೋದೀತು. ಕಾರ್ಖಾನೆಯಲ್ಲಿ ಅವರು ನಿಲ್ಲುವುದು ಕೊಕ್ಕೆಯ ಕೆಳಗೆ. ಆ ಎರಡು ಮಾತನ್ನು ಇನ್ನೊಂದು ಸಲ ಹೇಳಿಸೋಣ.