ಮೂರು ಮರಗಳ ಕೆಳಗೆ

ಡಚ್ ಕಲಾವಿದ ರೆಂಬ್ರಾಂಟನ ‘ಮೂರು ಮರಗಳು’ 1643ರ ಕೃತಿ. ಇದು ವರ್ಣಚಿತ್ರವಲ್ಲ, ಎಚಿಂಗ್: ಮೇಣದಂಥ ಲೇಪ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಮ್ಲದಿಂದ ಆ ಗೀರುಗಳನ್ನು ಆಳವಾಗಿಸಿ, ಮಸಿ ತುಂಬಿ ಕಾಗದಕ್ಕೆ ಒತ್ತಿ ತೆಗೆಯುವ ಮುದ್ರಣ. ಅವನ ನಿಸರ್ಗದೃಶ್ಯದ ಎಚಿಂಗ್‌ಗಳಲ್ಲೆಲ್ಲ ದೊಡ್ಡದಾದರೂ ಅಡ್ಡಲಾಗಿಟ್ಟ ಎ4 ಹಾಳೆಗಿಂತ ತುಸು ಚಿಕ್ಕದೇ.

ಬಲಗಡೆಯ ದಿಣ್ಣೆಯ ಮೇಲೆ ಒತ್ತಾಗಿ ನಿಂತ ಮೂರು ಮರಗಳು. ಎಡಕ್ಕೆ ದಿಗಂತದವರೆಗೂ ಸಮತಟ್ಟಾದ ಹೊಲಗಳು. ಅಂಚಿನಲ್ಲಿ ನಗರವೊಂದರ ಮಸುಕು ರೇಖೆ. ಮೇಲೆ ಕವಿದ ಮೋಡ, ಈಟಿಗಳಂತೆ ಓರೆಯಾಗಿ ಇಳಿಯುವ ಮಳೆ. ಮಳೆ ಬರುತ್ತಿದೆಯೋ ಹೋಗುತ್ತಿದೆಯೋ, ಚಿತ್ರ ಹೇಳುವುದಿಲ್ಲ.

ಈ ಮರಗಳು ಯೇಸುವಿನ ಮತ್ತು ಇಬ್ಬರು ಕಳ್ಳರ ಶಿಲುಬೆಗಳ ಸಂಕೇತವೆಂದು ಅನೇಕರು ಬಗೆದಿದ್ದಾರೆ. ಹತ್ತು ವರ್ಷಗಳ ತರುವಾಯ ಇದೇ ಕಲಾವಿದ ‘ಮೂರು ಶಿಲುಬೆಗಳು’ ಎಂಬ ಮುದ್ರಣವನ್ನೂ ಮಾಡಿದ್ದರಿಂದ ಆ ಊಹೆ ನಿರಾಧಾರವೇನಲ್ಲ. ತ್ರಯೇಕ ದೇವರನ್ನು ಕಂಡವರೂ ಉಂಟು. 1642ರಲ್ಲಿ ಅವನ ಮಡದಿ ಸಾಸ್ಕಿಯಾ, ವರ್ಷ ತುಂಬದ ಮಗ ಟೈಟಸನನ್ನು ಬಿಟ್ಟು ತೀರಿಕೊಂಡಳು; ಆಕಾಶದ ಈ ಕ್ಷೋಭೆ ಆ ಶೋಕವೇ ಎಂಬುದು ಮತ್ತೊಂದು ವ್ಯಾಖ್ಯಾನ.

ನಮ್ಮ ಆನಂದವರ್ಧನನು ವ್ಯಂಗ್ಯಾರ್ಥ ಬಯಸುವವನಿಗೆ ವಾಚ್ಯಾರ್ಥದ ಆದರವನ್ನು ವಿಧಿಸಿದ. ಬೆಳಕು ಬೇಕಾದವನು ಮೊದಲು ದೀಪವನ್ನು ನೋಡಿಕೊಳ್ಳಬೇಕು. ತರಗತಿಯಲ್ಲಿ ನಾವು ‘ಈ ಮರ ಯಾವುದರ ಸಂಕೇತ?’ ಎಂದು ಎರಡು ಅಂಕಕ್ಕೆ ಕೇಳುತ್ತೇವೆ. ಮಕ್ಕಳು ಮರ ನೋಡುವುದನ್ನೇ ಬಿಡುತ್ತಾರೆ. ವಿದ್ವಾಂಸರೂ ಅದಕ್ಕೆ ಹೊರತಲ್ಲವೇನೋ.

ಭೂತಗನ್ನಡಿ ಹಿಡಿದು ನೋಡಿದರೆ ಚಿತ್ರದೊಳಗೆ ಜನರಿದ್ದಾರೆ. ಎಡಗಡೆ ನೀರಿನ ಅಂಚಿನಲ್ಲಿ ಗಾಳ ಹಿಡಿದ ಮನುಷ್ಯ, ಪಕ್ಕದಲ್ಲಿ ಕುಳಿತ ಹೆಂಗಸು. ದೂರದ ಬಯಲಲ್ಲಿ ದನಗಳು. ದಿಣ್ಣೆಯ ಹಿಂದೆ ಜನ ತುಂಬಿದ ಗಾಡಿ. ಬಲಮೂಲೆಯ ಪೊದೆಯ ಕಗ್ಗತ್ತಲಲ್ಲಿ ಒಂದು ಪ್ರೇಮಿಗಳ ಜೋಡಿ. ಇವರನ್ನು ಕಾಣಲು ನನಗೆ ಹಲವು ಸಂಜೆಗಳು ಬೇಕಾದವು. ಗೀರುಗಳ ದಟ್ಟಣೆಯಲ್ಲಿ ಅವರು ಅಷ್ಟೊಂದು ಹುದುಗಿದ್ದಾರೆ. ಕೇವಲ ಶಿಲುಬೆ ಕಾಣಿಸುವುದು ಉದ್ದೇಶವಾಗಿದ್ದರೆ ಇಷ್ಟು ಸೂಕ್ಷ್ಮವಾಗಿ ಇವರನ್ನು ಬಚ್ಚಿಡುವ ಶ್ರಮವೇಕೆ?

ನಾನೂ ಮಡದಿಯನ್ನು ಕಳೆದುಕೊಂಡವನು. ಶೋಕದ ಕಾಲದಲ್ಲಿ ಮನಸ್ಸಿಗೆ ಬಿರುಗಾಳಿಗಿಂತ ಹೆಚ್ಚು ನಾಟುವುದು ಇತರರ ನಿರಾತಂಕ ಸಂಸಾರ: ಹಾಲು ತರುವವನು ಎಂದಿನಂತೆ ಬರುತ್ತಾನೆ, ಎದುರುಮನೆಯ ದಂಪತಿಗಳು ಮಾತಿಗೆ ಮಾತು ಬೆಳೆಸುತ್ತಾರೆ. ಆದ್ದರಿಂದ ಸಾಸ್ಕಿಯಾಳ ನೆನಪು ಈ ಚಿತ್ರದಲ್ಲಿ ಎಲ್ಲಿಯಾದರೂ ಇದ್ದರೆ ಅದು ಮೋಡದಲ್ಲಲ್ಲ, ಆ ಪೊದೆಯಲ್ಲಿದೆ ಎಂದು ನನ್ನ ಎಣಿಕೆ. ಇದಕ್ಕೆ ಪ್ರಮಾಣ ಕೇಳಬಾರದು.

ಇನ್ನೊಬ್ಬನಿದ್ದಾನೆ. ಬಲತುದಿಯ ದಿಣ್ಣೆಯ ನೆತ್ತಿಯಲ್ಲಿ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾಗಿ, ಚಿತ್ರಕಾರನೊಬ್ಬ ಕುಳಿತು ಬರೆಯುತ್ತಿದ್ದಾನೆ. ಮರ, ಮಳೆ, ನಗರ ಎಲ್ಲಕ್ಕೂ ಬೆನ್ನು ಹಾಕಿ ಅವನು ನೋಡುತ್ತಿರುವುದು ಚೌಕಟ್ಟಿನ ಆಚೆಯ ಕಡೆಗೆ.