ಬದುಕಿ ಬಂದ ಯೋಧ

ಪಂಪ-ರನ್ನರ ಕಾವ್ಯಗಳನ್ನು ಮೂರು ದಶಕಗಳ ಕಾಲ ಪಾಠ ಹೇಳಿಕೊಂಡು ಬಂದವನು ನಾನು. ಗದಾಯುದ್ಧದಲ್ಲಿ ಭೀಮನು ದುರ್ಯೋಧನನ ತೊಡೆಯನ್ನು ಮುರಿಯುವ ಪ್ರಸಂಗ ಬಂದಾಗ ನನ್ನ ಕಂಠವು ತಾನಾಗಿಯೇ ಏರುತ್ತಿತ್ತು. ಆದರೆ ಕಾಲು ಮುರಿದ ಯೋಧನು ಸಾಯದೆ ಉಳಿದರೆ ಮರುದಿನ ಬೆಳಗ್ಗೆ ಹೇಗೆ ಎದ್ದು ನಿಲ್ಲುತ್ತಾನೆಂಬ ಪ್ರಶ್ನೆ ನನಗೆಂದೂ ಹೊಳೆದಿರಲಿಲ್ಲ. ಆ ಪಾಠವನ್ನು ನನಗೆ ಕಲಿಸಿದವನು ನನ್ನ ಮೊದಲ ವರ್ಷಗಳ ಶಿಷ್ಯ, ತಳಕಲ್ಲಿನ ಒಬ್ಬ ಮಾಜಿ ಸೈನಿಕ.

2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿ ನಡೆದ ತರುವಾಯ ನಮ್ಮ ಸೇನೆಯು ಪಶ್ಚಿಮದ ಗಡಿಯುದ್ದಕ್ಕೂ ನೆಲಬಾಂಬುಗಳನ್ನು ಹುಗಿಯಿತು. ಯುದ್ಧವೇನೋ ನಡೆಯಲಿಲ್ಲ, ಆದರೂ ಅವುಗಳನ್ನು ಹುಗಿಯುವಾಗ, ತೆಗೆಯುವಾಗ ಅನೇಕ ಯೋಧರು ಪ್ರಾಣವನ್ನೂ ಅಂಗಾಂಗಗಳನ್ನೂ ಕಳೆದುಕೊಂಡರು. 2002ರಲ್ಲಿ ಇವನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಹೊಸ ಕಾಲು ಪಡೆದು, ನಡೆಯಲು ಕಲಿತು, ಊರಿಗೆ ಮರಳಿ ಒಕ್ಕಲುತನಕ್ಕೆ ನಿಂತನು.

ಕೆಲವು ವರ್ಷಗಳ ಹಿಂದೆ ಒಂದು ಗಣರಾಜ್ಯೋತ್ಸವದಂದು ಅವನನ್ನು ಸನ್ಮಾನಿಸಿದೆವು. ಅಭಿನಂದನ ಭಾಷಣ ನನ್ನದು. ಸಭಿಕರೆಲ್ಲರಿಗೂ ಕಾಣಲೆಂದು ಅವನನ್ನು ನನ್ನ ಪಕ್ಕದಲ್ಲಿಯೇ ನಿಲ್ಲಿಸಿಕೊಂಡು ಮುಕ್ಕಾಲು ತಾಸು ವೀರರಸವನ್ನು ಹರಿಸಿದೆ. ಅವನು ಅಲುಗಲಿಲ್ಲ. ಸಂಜೆ ಅವನ ಮನೆಗೆ ಹೋದಾಗ ಕಂಡದ್ದೇ ಬೇರೆ. ಕೃತಕ ಕಾಲನ್ನು ಬಿಚ್ಚಿಟ್ಟು ಕುಳಿತಿದ್ದನು. ಮೊಂಡಿಗೆ ತೊಟ್ಟಿದ್ದ ಕಾಲುಚೀಲದಲ್ಲಿ ರಕ್ತ. “ಕೂಡ್ರುತ್ತೇನೆಂದು ಒಂದು ಮಾತು ಹೇಳಬಾರದಾಗಿತ್ತೇನಪ್ಪಾ?” ಎಂದೆ. “ಗುರುಗಳು ನಿಂತು ಮಾತಾಡುವಾಗ ನಾ ಹ್ಯಾಂಗ ಕೂಡ್ರಲಿರಿ?” ಎಂದನು. ನಾನು ತಲೆ ತಗ್ಗಿಸಿದೆ.

ಆ ರಾತ್ರಿ ಅವನು ವಿವರಿಸಿದನು. ಕೃತಕ ಕಾಲೆಂಬುದು ಒಮ್ಮೆ ಕೊಟ್ಟು ಮುಗಿಸುವ ದಾನವಲ್ಲ. ವರುಷಗಳು ಕಳೆದಂತೆ ಮೊಂಡು ಸೊರಗುತ್ತದೆ, ಆಕಾರ ಬದಲಿಸುತ್ತದೆ. ಅದು ಕುಳಿತುಕೊಳ್ಳುವ ಬಟ್ಟಲು ಸಡಿಲವಾಗಿ ಚರ್ಮವನ್ನು ತಿಕ್ಕುತ್ತದೆ. ನಮ್ಮ ಸೀಮೆಯ ಬಿಸಿಲಿನ ಬೆವರು ಸೇರಿದರೆ ಹುಣ್ಣು. ಆಗ ಹೊಸ ಅಚ್ಚು ತೆಗೆಯಿಸಿ ಬಟ್ಟಲನ್ನು ಬದಲಿಸಬೇಕು. ಇನ್ನು ಇಲ್ಲದ ಪಾದವು ನಡುರಾತ್ರಿ ನೋಯುವುದುಂಟು. ಅದೂ ವೈದ್ಯರು ಬಲ್ಲ ನಿಜವಾದ ನೋವೇ. ಅವನ ಬಟ್ಟಲು ಸಡಿಲಾಗಿ ಎರಡು ವರ್ಷವಾಗಿತ್ತು. ಬಿತ್ತನೆ, ಸುಗ್ಗಿ, ಜೊತೆಗೆ ಬರುವವರಿಲ್ಲವೆಂಬ ಸಂಕೋಚ. ಹೀಗೆ ಪುಣೆಯ ಪ್ರಯಾಣ ಮುಂದೆ ಹೋಗುತ್ತಲೇ ಇತ್ತು.

ಮುಂದಿನ ತಿಂಗಳು ನಾನೇ ಜೊತೆಗೆ ಹೊರಟೆ. ತಳಕಲ್ಲಿನಲ್ಲಿ ರೈಲು ಹತ್ತಿ ಹುಬ್ಬಳ್ಳಿ, ಅಲ್ಲಿಂದ ರಾತ್ರಿಯ ಗಾಡಿಗೆ ಪುಣೆ. ಎರಡನೆಯ ಮಹಾಯುದ್ಧದ ಗಾಯಾಳುಗಳಿಗಾಗಿ 1944ರಲ್ಲಿ ಆರಂಭವಾದ ಕೇಂದ್ರವದು. ಋಗ್ವೇದದಲ್ಲಿ ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನಿತ್ತರೆಂಬ ಪ್ರಸಂಗವನ್ನು ನಾನು ಓದಿ ಬಲ್ಲೆ. ಇಲ್ಲಿ ಆ ಕೆಲಸವನ್ನು ಕುಶಲಕರ್ಮಿಗಳು ಗಾರೆಯ ಅಚ್ಚಿನಿಂದ ಮಾಡುವುದನ್ನು ಕಣ್ಣಾರೆ ಕಂಡೆ. ಸಮೀಪದ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಯೋಧರಿಗಾಗಿ 1974ರಲ್ಲಿ ಸ್ಥಾಪಿತವಾದ ಪುನರ್ವಸತಿ ಕೇಂದ್ರವೂ ಇದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳೀಕಾಂತ ಪೇಟ್ಕರರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಅಂಗವಿಕಲರ ಜಾಗತಿಕ ಕ್ರೀಡಾಕೂಟದಲ್ಲಿ ಈಜಿ ಚಿನ್ನ ಗೆದ್ದರು. ಪದ್ಮಶ್ರೀ ದೊರೆತದ್ದು 2018ರಲ್ಲಿ. 2003ರ ಏಪ್ರಿಲಿನಿಂದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯೂ ನಡೆದುಬಂದಿದೆ. ಆದುದರಿಂದ ವ್ಯವಸ್ಥೆಯೇ ಇಲ್ಲವೆನ್ನಲಾರೆ. ಹಳ್ಳಿಯ ಹೊಸ್ತಿಲಿಗೂ ಆ ಬಾಗಿಲಿಗೂ ನಡುವೆ ಇರುವ ದಾರಿಯೇ ದೀರ್ಘ.

ನಮ್ಮ ನಾಡಿನ ಊರೂರಿನಲ್ಲಿಯೂ ವೀರಗಲ್ಲುಗಳಿವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಹೋರಾಡಿ ಮಡಿದವನಿಗೆ ಮೂರು ಅಂಕಣಗಳನ್ನು ಕೆತ್ತಿದ ಶಿಲ್ಪಿ ಗಾಯಗೊಂಡು ಮನೆಗೆ ಮರಳಿದವನಿಗೆ ಅದರಲ್ಲಿ ಎಡೆ ಮಾಡಲಿಲ್ಲ. ನಾನೂ ಆ ಶಿಲ್ಪಿಯಂತೆಯೇ ಭಾಷಣ ಮಾಡಿದ್ದೆ. ಮಡಿದವನಿಗೆ ಸ್ಮರಣೆ ಸಾಕಾದೀತು. ಬದುಕಿ ಬಂದವನಿಗೆ ಬೇಕಾದುದು ಆರೈಕೆ, ಅದೂ ಬದುಕಿರುವವರೆಗೆ.

ಈ ಸಂಚಿಕೆಯನ್ನು ಓದುವ ಅಧ್ಯಾಪಕ ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ ನನ್ನ ಬಿನ್ನಹ ಸಣ್ಣದು. ನಿಮ್ಮೂರಿನಲ್ಲಿ ಇಂತಹ ಯೋಧನಿದ್ದರೆ ಕಾಲಿನ ಬಟ್ಟಲು ಸರಿಯಿದೆಯೇ ಎಂದು ವರ್ಷಕ್ಕೊಮ್ಮೆ ಕೇಳಿರಿ. ಕಾಗದಪತ್ರಗಳನ್ನು ಬರೆದುಕೊಡಿರಿ, ದಾರಿಯ ವೆಚ್ಚಕ್ಕೆ ಒದಗಿರಿ, ಒಬ್ಬರು ಜೊತೆಗೆ ಹೋಗಿರಿ. 2025ರ ಮೇ ತಿಂಗಳಿನಿಂದ ಕುಷ್ಟಗಿಯಿಂದಲೂ ತಳಕಲ್ ಮಾರ್ಗವಾಗಿ ಹುಬ್ಬಳ್ಳಿಗೆ ರೈಲು ಓಡುತ್ತಿದೆ. ದಾರಿ ಅಷ್ಟರಮಟ್ಟಿಗೆ ಹತ್ತಿರವಾಗಿದೆ. ಸನ್ಮಾನವನ್ನೂ ಮಾಡಿರಿ, ಆದರೆ ಹಾರ ತರುವ ಮೊದಲು ಒಂದು ಕುರ್ಚಿಯನ್ನು ತಂದಿಡಿರಿ, ಭಾಷಣವನ್ನು ಮೊಟಕುಗೊಳಿಸಿರಿ. ತಪ್ಪಿ ನಡೆದು ಕಲಿತವನ ಮಾತಿದು ಎಂದು ಮನ್ನಿಸಬೇಕಾಗಿ ವಿನಂತಿ.