ಮರಳುಗಾಡಿನ ಗಾಜಿನ ಕಡಲು

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರ ಬಿಟ್ಟು ಉತ್ತರಕ್ಕೆ ಹೊರಟರೆ ರಸ್ತೆ ಮರಳುಗಾಡಿನ ನಡುವೆ ಸಾಗುತ್ತದೆ. ಇಕ್ಕೆಲಗಳಲ್ಲೂ ಕೈಯೆತ್ತಿ ನಿಂತ ಆಳುಗಳಂತೆ ಕಾಣುವ ಸಗ್ವಾರೊ ಕಳ್ಳಿಗಳು, ಕುರುಚಲು ಮುಳ್ಳುಪೊದೆ, ಒಣಗಿದ ಹಳ್ಳಗಳು. ಬಲಕ್ಕೆ ಸಾಂತಾ ಕ್ಯಾಟಲಿನಾ ಬೆಟ್ಟಸಾಲು. ಸುಮಾರು ಒಂದು ಗಂಟೆಯ ಪ್ರಯಾಣದ ನಂತರ, ಒರೇಕಲ್ ಎಂಬ ಪುಟ್ಟ ಊರಿನ ಬಳಿ, ಬಿಳಿ ಉಕ್ಕಿನ ಹಂದರಕ್ಕೆ ಗಾಜು ಹೊದಿಸಿದ ವಿಚಿತ್ರ ಕಟ್ಟಡವೊಂದು ಬಿಸಿಲಿಗೆ ಥಳಥಳಿಸುತ್ತದೆ. ಅದರ ಒಳಗೊಂದು ಸಮುದ್ರವಿದೆ!

ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ, ಮಳೆಯೇ ಅಪರೂಪವಾದ ಈ ನೆಲದಲ್ಲಿ ಸಮುದ್ರವೇ? ಹೌದು. ಸುಮಾರು 26 ಲಕ್ಷ ಲೀಟರ್ ಉಪ್ಪುನೀರು, ಮರಳಿನ ದಂಡೆ, ದಂಡೆಗೆ ಬಂದು ಬಡಿಯುವ ಸಣ್ಣ ಅಲೆಗಳು, ನೀರಿನಲ್ಲಿ ಮೀನುಗಳು. ಮೆಟ್ಟಿಲಿಳಿದು ಕೆಳಗೆ ಹೋದರೆ ದಪ್ಪ ಗಾಜಿನ ಕಿಟಕಿಯ ಮೂಲಕ ಕಡಲಿನ ಒಡಲನ್ನೇ ನೋಡಬಹುದು. ಇದೇ ಬಯೋಸ್ಫಿಯರ್-2.

ಎರಡು ಎಂಬ ಅಂಕಿಗೂ ಅರ್ಥವಿದೆ. ಜೀವಗೋಳ ಒಂದು ಎಂದರೆ ನಾವು ನೀವೆಲ್ಲ ಬದುಕಿರುವ ಈ ಭೂಮಿ. ಅದರ ಚಿಕ್ಕ ಮಾದರಿಯೊಂದನ್ನು ಗಾಜಿನೊಳಗೆ ಕಟ್ಟಿ, ಬಾಗಿಲು ಮುಚ್ಚಿ, ಅದು ತನ್ನಷ್ಟಕ್ಕೆ ತಾನು ನಡೆಯುವುದೇ ಎಂದು ನೋಡುವ ಸಾಹಸ 1980ರ ದಶಕದ ಕೊನೆಯಲ್ಲಿ ಶುರುವಾಯಿತು. ಸುಮಾರು ಮೂರು ಎಕರೆ ಜಾಗದಲ್ಲಿ ಮಳೆಕಾಡು, ಹುಲ್ಲುಗಾವಲು, ಮರುಭೂಮಿ, ಕಾಂಡ್ಲಾ ಕಾಡು, ಹೊಲ, ಮನೆ ಮತ್ತು ಹವಳದ ದಿಬ್ಬವಿರುವ ಕಡಲು, ಎಲ್ಲವೂ ಒಂದೇ ಸೂರಿನಡಿ ಮೈತಳೆದವು.

ಟ್ಯಾಂಕರಿನಲ್ಲಿ ಬಂದ ಸಮುದ್ರ

ಕಡಲನ್ನು ಕಟ್ಟುವುದು ಸುಲಭವಾಗಿರಲಿಲ್ಲ. ನೀರಿನ ಒಂದು ಭಾಗ ಕ್ಯಾಲಿಫೋರ್ನಿಯಾದ ಕರಾವಳಿಯಿಂದ ಟ್ಯಾಂಕರುಗಳಲ್ಲಿ ಬಂತು. ಉಳಿದದ್ದನ್ನು ಸಿಹಿನೀರಿಗೆ ಲವಣಗಳನ್ನು ಬೆರೆಸಿ ತಯಾರಿಸಲಾಯಿತು. ಹವಳಗಳು ಮೆಕ್ಸಿಕೋದ ಯುಕಟಾನ್ ತೀರ ಮತ್ತು ಕೆರಿಬಿಯನ್ ಕಡೆಯಿಂದ ಬಂದವು. ಅಲೆಗಳನ್ನೆಬ್ಬಿಸಲು ಒಂದು ಯಂತ್ರ. ಅದು ನೀರನ್ನು ಮೇಲಕ್ಕೆ ಹೀರಿಕೊಂಡು ಒಮ್ಮೆಲೇ ಬಿಡುತ್ತದೆ. ಅಲೆ ಕೇವಲ ಅಂದಕ್ಕಲ್ಲ. ಹವಳ ಕದಲದ ಜೀವಿ. ಊಟವೂ ಆಮ್ಲಜನಕವೂ ಅದರ ಬಳಿಗೆ ನೀರಿನ ಚಲನೆಯಿಂದಲೇ ಬರಬೇಕು.

1991ರ ಸೆಪ್ಟೆಂಬರ್ 26ರಂದು ನಾಲ್ವರು ಗಂಡಸರು, ನಾಲ್ವರು ಹೆಂಗಸರು ಒಳಗೆ ಹೋದರು. ಬಾಗಿಲು ಮುಚ್ಚಿತು. ಅವರು ಹೊರಬಂದದ್ದು ಎರಡು ವರ್ಷಗಳ ನಂತರ. ಈ ಅವಧಿಯಲ್ಲಿ ಒಳಗಿನ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಿಂದ ಸುಮಾರು ಶೇ. 14ಕ್ಕೆ ಕುಸಿಯಿತು. ಹೊಲದ ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು. ಆ ಅನಿಲದ ಬಹುಭಾಗವನ್ನು ಕಟ್ಟಡದ ಕಾಂಕ್ರೀಟು ಹೀರಿಕೊಳ್ಳುತ್ತಿತ್ತು. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು.

ಗಾಳಿಯಲ್ಲಿ ಉಳಿದ ಡೈಆಕ್ಸೈಡ್ ಕಡಲನ್ನೂ ಬಿಡಲಿಲ್ಲ. ನೀರಿನಲ್ಲಿ ಕರಗಿ ಅದನ್ನು ಆಮ್ಲೀಯತೆಯ ಕಡೆಗೆ ವಾಲಿಸಿತು. ಕಡಲನ್ನು ನೋಡಿಕೊಳ್ಳುತ್ತಿದ್ದ ಅಬಿಗೇಲ್ ಆಲಿಂಗ್ ಮತ್ತು ಸಂಗಡಿಗರು ಸೋಡಿಯಂ ಬೈಕಾರ್ಬೊನೇಟಿನಂಥ ಲವಣಗಳನ್ನು, ಎಂದರೆ ಅಡುಗೆಮನೆಯ ಸೋಡಾದ ಬಳಗವನ್ನು, ನೀರಿಗೆ ಬೆರೆಸಿ ಹದ ಕಾಯ್ದರು. ಗಾಜು, ಉಕ್ಕಿನ ಹಂದರಗಳು ಬಿಸಿಲಿನ ಸುಮಾರು ಅರ್ಧವನ್ನು ತಡೆಯುತ್ತಿದ್ದುದು ಇನ್ನೊಂದು ತೊಂದರೆ. ಆದರೂ ಎರಡು ವರ್ಷ ಆ ಹವಳದ ದಿಬ್ಬ ಬದುಕಿತು. ಕಾರಣ ಯಂತ್ರಗಳಷ್ಟೇ ಅಲ್ಲ, ಪ್ರತಿದಿನದ ಆರೈಕೆ.

ದೊಡ್ಡ ಪ್ರಶ್ನೆಗೆ ಉತ್ತರ

1996ರಿಂದ 2003ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯ ಇಲ್ಲಿನ ಉಸ್ತುವಾರಿ ವಹಿಸಿತು. ಕ್ರಿಸ್ ಲ್ಯಾಂಗ್ಡನ್ ಎಂಬ ವಿಜ್ಞಾನಿ ಮತ್ತು ಸಹೋದ್ಯೋಗಿಗಳು ಈ ಕಡಲಿನ ರಾಸಾಯನಿಕ ಹದವನ್ನು ಬೇಕೆಂದೇ ಬದಲಿಸುತ್ತ ಹೋದರು. ಹವಳದ ಹುಳು ಸುಣ್ಣದಿಂದ ತನ್ನ ಗೂಡು ಕಟ್ಟುತ್ತದೆ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಷ್ಟೂ ಸುಣ್ಣ ಕಟ್ಟುವ ಈ ಕೆಲಸ ನಿಧಾನವಾಗುತ್ತದೆ ಎಂದು ಅವರು 2000ದಲ್ಲಿ ಪ್ರಕಟಿಸಿದ ಪ್ರಬಂಧ ತೋರಿಸಿತು. ಕಾರ್ಖಾನೆ, ವಾಹನಗಳ ಹೊಗೆ ಸಾಗರದ ಹವಳಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ಮರಳುಗಾಡಿನ ಕೃತಕ ಕಡಲು ಕೊಟ್ಟ ಎಚ್ಚರಿಕೆ ಅದು.

ಆ ಬಳಿಕ ವಿಶ್ವವಿದ್ಯಾಲಯ ಹೊರಟುಹೋಯಿತು. 2007ರಲ್ಲಿ ಜಮೀನು ಸಹಿತ ಎಲ್ಲವೂ ಬಡಾವಣೆ ಕಟ್ಟುವ ಸಂಸ್ಥೆಯೊಂದಕ್ಕೆ ಮಾರಾಟವಾಯಿತು. ಗಾಜಿನ ಮನೆ ಉಳಿಯುವುದೇ ಎಂಬ ಅನುಮಾನ ಎದ್ದಿತು. ಅದೇ ವರ್ಷ ಅರಿಜೋನಾ ವಿಶ್ವವಿದ್ಯಾಲಯ ನಿರ್ವಹಣೆಗೆ ಮುಂದೆ ಬಂತು. 2011ರಲ್ಲಿ ಕಟ್ಟಡ ಅದರದೇ ಆಯಿತು. ಕಟ್ಟಡವೇನೋ ಉಳಿಯಿತು, ಆದರೆ ಕಡಲು ಅಷ್ಟರಲ್ಲಿ ಬೇರೆಯೇ ರೂಪ ತಾಳಿತ್ತು.

ಪಾಚಿಯ ರಾಜ್ಯಭಾರ

ಹೂಳೆತ್ತದೆ ಬಿಟ್ಟ ಕಲ್ಯಾಣಿಯನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ಹವಳಗಳಿದ್ದ ಬಂಡೆಗಳ ಮೇಲೆ ಕಡಲಪಾಚಿ ದಟ್ಟವಾಗಿ ಹರಡಿತ್ತು. ಇದು ಹೇಗಾಗುತ್ತದೆ? ಹವಳದ ದಿಬ್ಬಕ್ಕೆ ಬೇಕಾದ್ದು ಪೋಷಕಾಂಶ ಕಡಿಮೆಯಿರುವ ತಿಳಿನೀರು. ಹವಳದ ಮೈಯೊಳಗೇ ವಾಸಿಸುವ ಸೂಕ್ಷ್ಮ ಪಾಚಿಗಳು ಬಿಸಿಲಿನಲ್ಲಿ ಅಡುಗೆ ಮಾಡಿ ಯಜಮಾನನಿಗೆ ಬಡಿಸುತ್ತವೆ. ಆದ್ದರಿಂದ ಬಡ ನೀರಿನಲ್ಲೂ ಹವಳ ಸುಖವಾಗಿರುತ್ತದೆ. ಅದೇ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟುಗಳು ಹೆಚ್ಚಿದರೆ ಹೊರಗಿನ ಪಾಚಿಗೆ ಹಬ್ಬ. ಅದು ಬೇಗ ಬೆಳೆಯುತ್ತದೆ, ಹವಳಕ್ಕೆ ಬೀಳುವ ಬೆಳಕನ್ನು ಮರೆಮಾಡುತ್ತದೆ, ಮರಿ ಹವಳ ಕೂರಲು ಬಂಡೆಯ ಮೇಲೆ ಜಾಗವನ್ನೂ ಬಿಡುವುದಿಲ್ಲ. ಮೇಯುವ ಜೀವಿಗಳೂ ಸಾಲದಿದ್ದರೆ ಕೇಳುವುದೇ ಬೇಡ.

ನಿಜವಾದ ಸಾಗರದಲ್ಲೂ ಹೀಗೆ ನಡೆದಿದೆ. 1983ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ರೋಗವೊಂದು ಹಬ್ಬಿ, ಪಾಚಿ ಮೇಯುತ್ತಿದ್ದ ಕಪ್ಪು ಮುಳ್ಳಿನ ಕಡಲ ಚೆಂಡುಗಳು ರಾಶಿರಾಶಿಯಾಗಿ ಸತ್ತವು. ಮೇಯುವ ಮೀನುಗಳನ್ನು ಬಲೆಗಳು ಆಗಲೇ ಖಾಲಿ ಮಾಡಿದ್ದ ಜಮೈಕಾದಲ್ಲಿ ಪರಿಣಾಮ ಘೋರವಾಯಿತು. 1970ರ ದಶಕದ ಕೊನೆಯಲ್ಲಿ ದಿಬ್ಬದ ಅರ್ಧದಷ್ಟನ್ನು ಆವರಿಸಿದ್ದ ಹವಳ 1990ರ ದಶಕದ ಆರಂಭಕ್ಕೆ ಶೇ. 5ಕ್ಕಿಂತ ಕೆಳಗಿಳಿಯಿತು. ಉಳಿದ ಜಾಗವೆಲ್ಲ ಪಾಚಿಯದು.

ಕಿತ್ತ ಕಳೆ ಹೊಲದ ಹೊರಗೆ

ಬಯೋಸ್ಫಿಯರ್-2ರ ಕಡಲನ್ನು ಮತ್ತೆ ಹವಳದ ಕಡಲನ್ನಾಗಿ ಮಾಡುವ ಕೆಲಸವನ್ನು ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಕೈಗೆತ್ತಿಕೊಂಡಿದ್ದಾರೆ. ಹಳೆಯ ನೀರನ್ನೆಲ್ಲ ಚೆಲ್ಲಿ ಹೊಸ ಹವಳ ತಂದು ಇಟ್ಟರಾಯಿತಲ್ಲ ಎಂದು ಮಕ್ಕಳು ಕೇಳಬಹುದು. ಹಾಗೆ ಮಾಡಿದರೆ ಬಂಡೆಯ ರಂಧ್ರಗಳಲ್ಲಿ, ಮರಳಿನಲ್ಲಿ ನೆಲೆಸಿ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳುತ್ತದೆ. ಕಣ್ಣಿಗೆ ಕಾಣದ ಈ ಜಾಡಮಾಲಿಗಳಿಲ್ಲದೆ ಯಾವ ಉಪ್ಪುನೀರಿನ ತೊಟ್ಟಿಯೂ ಬಾಳದು.

ಆದ್ದರಿಂದ ಕೆಲಸ ರೈತನ ಕ್ರಮದಲ್ಲಿ ಸಾಗಬೇಕು. ಮೊದಲು ಪಾಚಿಯನ್ನು ಕಿತ್ತು ಹೊರಗೆ ಸಾಗಿಸುವುದು. ಪಾಚಿ ತಾನು ಹೀರಿದ ಪೋಷಕಾಂಶವನ್ನು ಮೈಯಲ್ಲೇ ಇಟ್ಟುಕೊಂಡಿರುತ್ತದೆ. ಕಿತ್ತು ಅಲ್ಲೇ ಬಿಟ್ಟರೆ ಅದು ಕೊಳೆತು ಮರಳಿ ನೀರಿಗೆ ಸೇರುತ್ತದೆ. ಹೊರಗೆ ಸಾಗಿಸಿದರೆ ಮಾತ್ರ ನೀರು ಬಡವಾಗುತ್ತದೆ, ಅಂದರೆ ಹವಳಕ್ಕೆ ಹದವಾಗುತ್ತದೆ. ಎರಡನೆಯದು ಮೇಯುವವರನ್ನು ಬಿಡುವುದು: ಪಾಚಿ ತಿನ್ನುವ ಮೀನು, ಕಡಲ ಬಸವನಹುಳು ಮುಂತಾದವು. ಮನುಷ್ಯನ ಕೈ ತಲುಪದ ಸಂದಿಗಳನ್ನು ಅವು ತಲುಪುತ್ತವೆ. ಬೆಳಕು, ಶಾಖ, ಉಪ್ಪು, ಸುಣ್ಣದಂಶ ಇವೆಲ್ಲ ಏರುಪೇರಿಲ್ಲದೆ ನಿಂತ ಮೇಲಷ್ಟೇ ಹವಳದ ಸರದಿ.

ಈ ತಾಳ್ಮೆಯ ಕೆಲಸಕ್ಕೆ ಈಗ ಅವಸರದ ಕಾರಣವೊಂದಿದೆ. ಸಮುದ್ರ ಮಿತಿಮೀರಿ ಬಿಸಿಯಾದಾಗ ಹವಳ ತನ್ನ ಮೈಯೊಳಗಿನ ಸೂಕ್ಷ್ಮ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 2023ರ ಬೇಸಿಗೆಯಲ್ಲಿ ಫ್ಲಾರಿಡಾದ ಆಳವಿಲ್ಲದ ಕೊಲ್ಲಿಯೊಂದರ ನೀರು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಅಲ್ಲಿನ ಸಂಶೋಧಕರು ಕಡಲೊಳಗಿನ ಹವಳದ ಸಸಿಮಡಿಗಳನ್ನು ಖಾಲಿ ಮಾಡಿ, ಹವಳಗಳನ್ನು ದಡದ ತೊಟ್ಟಿಗಳಿಗೆ ಸಾಗಿಸಿ ಉಳಿಸಿಕೊಳ್ಳಬೇಕಾಯಿತು. ಜಗತ್ತಿನ ಹವಳಗಳು ನಾಲ್ಕನೆಯ ಬಾರಿ ವ್ಯಾಪಕವಾಗಿ ಬಿಳಿಚಿಕೊಳ್ಳುತ್ತಿವೆ ಎಂದು 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಸಂಸ್ಥೆ ಪ್ರಕಟಿಸಿತು. ಸಾಗರತಳದ ಶೇ. 1ಕ್ಕಿಂತ ಕಡಿಮೆ ಜಾಗದಲ್ಲಿದ್ದು, ಕಡಲಜೀವಿಗಳ ಸುಮಾರು ಕಾಲುಭಾಗಕ್ಕೆ ಆಸರೆಯಾಗಿರುವ ದಿಬ್ಬಗಳಿವು.

ಯಾವ ಹವಳ ಬಿಸಿ ತಡೆದೀತು, ಯಾವ ಉಪಾಯ ಫಲಿಸೀತು ಎಂದು ಸಾಗರದಲ್ಲಿ ಪ್ರಯೋಗ ಮಾಡಿ ಸೋತರೆ ನಷ್ಟ ಸಾಗರದ್ದು. ಪ್ರಯೋಗಶಾಲೆಯ ಚಿಕ್ಕ ತೊಟ್ಟಿಯಲ್ಲಿ ಮಾಡಿದರೆ ಅಲೆಯಿಲ್ಲ, ಮೇಯುವ ಮೀನಿನ ಹಿಂಡಿಲ್ಲ. ಇವೆರಡರ ನಡುವಿನ ಗಾತ್ರದ ಕಡಲು ಬೇಕು. ಪಾಚಿ ಹಿಡಿದಿದ್ದ ಗಾಜಿನ ಕಡಲನ್ನು ಮತ್ತೆ ಸರಿಪಡಿಸುವುದು ಅದಕ್ಕಾಗಿಯೇ.

ಹೊರಡುವ ಮುನ್ನ ಪ್ರವಾಸಿಗರು ಕಟ್ಟಡದ 'ಶ್ವಾಸಕೋಶ'ವನ್ನು ನೋಡುತ್ತಾರೆ. ಹಗಲು ಗಾಳಿ ಹಿಗ್ಗಿ ಗಾಜು ಒಡೆಯದಿರಲೆಂದು ರಬ್ಬರಿನ ಪೊರೆಗೆ ತೂಗುಬಿಟ್ಟ ಭಾರಿ ಲೋಹದ ತಟ್ಟೆ ಅಲ್ಲಿ ಮೇಲೇಳುತ್ತದೆ, ರಾತ್ರಿ ಇಳಿಯುತ್ತದೆ. ಹೊರಬಾಗಿಲು ತೆರೆದೊಡನೆ ಒಳಗಿನ ಗಾಳಿ ಬೆನ್ನಿಗೆ ಬಡಿದು ಮಕ್ಕಳ ಟೋಪಿಗಳನ್ನು ಹಾರಿಸುತ್ತದೆ. ಮಕ್ಕಳು ನಗುತ್ತಾ ಬಿಸಿಲಿಗೆ ಬರುತ್ತಾರೆ. ಹಿಂದೆ ಉಳಿಯುವ ಗಾಜಿನ ಕಡಲಿಗೆ ಅಲೆಯನ್ನು ಯಂತ್ರ ಕೊಡುತ್ತದೆ, ಹದವನ್ನು ಮನುಷ್ಯ ಕೊಡುತ್ತಾನೆ. ಹೊರಗಿನ ದೊಡ್ಡ ಕಡಲು ಇವೆರಡನ್ನೂ ಯಾರ ನೆರವಿಲ್ಲದೆ, ಬಿಡಿಗಾಸು ಕೇಳದೆ ಈವರೆಗೆ ನಡೆಸಿಕೊಂಡು ಬಂದಿದೆ. ಆ ಉಪಕಾರದ ಬೆಲೆ ಎಷ್ಟೆಂಬುದು ಮೂರು ಎಕರೆಯ ಈ ಗಾಜಿನ ಮನೆಯಲ್ಲಿ ಸುತ್ತಾಡಿ ಬಂದವರಿಗೆ ತಿಳಿಯುತ್ತದೆ.

ಹೋಗುವುದು ಹೇಗೆ?

ಟೂಸಾನ್‌ನಿಂದ ಒರೇಕಲ್ ಕಡೆಗೆ ಹೋಗುವ 77ನೇ ರಾಜ್ಯ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. ಫೀನಿಕ್ಸ್ ನಗರದಿಂದಲೂ ರಸ್ತೆಯಲ್ಲಿ ಬರಬಹುದು. ಪ್ರವೇಶಕ್ಕೆ ಶುಲ್ಕವಿದೆ. ಒಳಗೆ ಮೆಟ್ಟಿಲುಗಳು ಬಹಳ. ಮಳೆಕಾಡಿನ ಸೆಕೆಯೂ ಜೋರು. ಹತ್ತಿಯ ಬಟ್ಟೆ, ನಡೆಯಲು ಹಿತವಾದ ಬೂಟು ಇದ್ದರೆ ಒಳ್ಳೆಯದು.